ಪೈ ಚಾರ್ಟ್‌ಗೆ ಯಾವ ಸಾಫ್ಟ್‌ವೇರ್? ಗೋವಾದ ಶೇ 4.65ರ ಕನ್ನಡದ ಹೋಳು ಇಟ್ಟುಕೊಂಡು ಒಂದು ಹೋಲಿಕೆ

2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆ 14,58,545. ಅದರಲ್ಲಿ ಕೊಂಕಣಿ ಮಾತೃಭಾಷೆ ಎಂದು ಬರೆಸಿದವರು ಶೇ 66.11, ಮರಾಠಿ ಶೇ 10.89, ಹಿಂದಿ ಶೇ 10.28, ಕನ್ನಡ ಶೇ 4.65, ಉರ್ದು ಶೇ 2.83. ಉಳಿದೆಲ್ಲ ಭಾಷೆಗಳೂ ಸೇರಿ ಶೇ 5.24. ನಾವು ಕನ್ನಡದವರು ಸುಮಾರು 68 ಸಾವಿರ ಎಂದಾಯಿತು. ವಾಸ್ಕೋ, ಝುವಾರಿನಗರ, ಮಡಗಾಂವ್ ಕಡೆಯ ಸಂಘಗಳ ಸ್ಮರಣ ಸಂಚಿಕೆಯಿರಲಿ, ಕಾಲೇಜು ಮಕ್ಕಳ ಪ್ರಾಜೆಕ್ಟ್ ಇರಲಿ, ಈ ಆರು ಅಂಕಿಗಳ ಪೈ ಚಾರ್ಟ್ ಎಲ್ಲೋ ಒಂದು ಪುಟದಲ್ಲಿ ಬಂದೇ ಬರುತ್ತದೆ. ಬಿಡಿಸುವವರು ನನ್ನನ್ನು ಕೇಳುವುದೂ ಒಂದೇ ಪ್ರಶ್ನೆ: ಯಾವ ಸಾಫ್ಟ್‌ವೇರ್‌ನಲ್ಲಿ ಮಾಡಲಿ?

ವೃತ್ತ ಬಿಡಿಸುವುದು ಎಲ್ಲ ಸಾಫ್ಟ್‌ವೇರ್‌ಗೂ ಬರುತ್ತದೆ. ಬಣ್ಣ ತುಂಬುವುದೂ ಬರುತ್ತದೆ. ವ್ಯತ್ಯಾಸ ಗೊತ್ತಾಗುವುದು ಲೇಬಲ್ಲಿನಲ್ಲಿ. ಸಣ್ಣ ಹೋಳಿನ ಹೆಸರನ್ನು ಅದು ಎಲ್ಲಿ ಬರೆಯುತ್ತದೆ, ಬರೆಯದೆ ಬಿಡುತ್ತದೆಯೇ, ಆ ಹೋಳನ್ನೇ ‘ಇತರೆ’ಯೊಳಗೆ ಸೇರಿಸಿಬಿಡುತ್ತದೆಯೇ, ‘ಕನ್ನಡ’ ಎಂಬ ಹೆಸರು ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತದೆಯೇ? ಇಷ್ಟು ನೋಡಿಕೊಂಡರೆ ಆಯ್ಕೆ ಸುಲಭ. ಅದಕ್ಕೇ ಈ ಹೋಲಿಕೆಗೆ ನಮ್ಮದೇ ಶೇ 4.65ರ ಹೋಳನ್ನು ಅಳತೆಗೋಲು ಮಾಡಿಕೊಂಡಿದ್ದೇನೆ.

ಹೋಳಿನ ಒಳಗೆ ಎಷ್ಟು ಜಾಗವಿದೆ

ವೃತ್ತಕ್ಕೆ 360 ಡಿಗ್ರಿ, ಹಾಗಾಗಿ ಶೇ 1ಕ್ಕೆ 3.6 ಡಿಗ್ರಿ. ಕೊಂಕಣಿಗೆ 238 ಡಿಗ್ರಿ, ಮರಾಠಿಗೆ 39.2, ಹಿಂದಿಗೆ 37, ಕನ್ನಡಕ್ಕೆ 16.7, ಉರ್ದುವಿಗೆ 10.2, ಇತರೆಗೆ 18.9. ಸಂಚಿಕೆಯ ಅರ್ಧ ಪುಟದಲ್ಲಿ ಕೂರುವ ಪೈ ಚಾರ್ಟ್ ಸಾಮಾನ್ಯವಾಗಿ 8 ಸೆಂಟಿಮೀಟರ್ ಅಗಲ, ಅಂದರೆ ತ್ರಿಜ್ಯ 4 ಸೆಂಟಿಮೀಟರ್. ಆ ಅಳತೆಯಲ್ಲಿ ಕನ್ನಡದ ಹೋಳು ಅಂಚಿನ ಹತ್ತಿರ 1.17 ಸೆಂಟಿಮೀಟರ್ ಅಗಲ ಇರುತ್ತದೆ. ಸಾಫ್ಟ್‌ವೇರ್ ಅಂಕಿ ಬರೆಯುವುದು ಅಂಚಿನಲ್ಲಲ್ಲ, ಒಳಗೆ, ಹೆಚ್ಚುಕಡಿಮೆ ತ್ರಿಜ್ಯದ ಶೇ 60ರಷ್ಟು ದೂರದಲ್ಲಿ. ಅಲ್ಲಿ ಹೋಳಿನ ಅಗಲ 7 ಮಿಲಿಮೀಟರ್ ಮಾತ್ರ. 10 ಪಾಯಿಂಟ್ ಅಕ್ಷರದಲ್ಲಿ ‘4.7%’ ಎಂದು ಬರೆಯಲು 8 ಮಿಲಿಮೀಟರ್ ಬೇಕು. ಬರೀ ಅಂಕಿಯೇ ಹಿಡಿಸದ ಮೇಲೆ ‘ಕನ್ನಡ’ ಎಂಬ ಹೆಸರು ಎಲ್ಲಿ ಹಿಡಿಸೀತು? ಹಾಗಾಗಿ ಈ ಚಾರ್ಟ್‌ಗೆ ಲೇಬಲ್ ಹೊರಗೇ ಬರಬೇಕು.

ಹೊರಗೆ ಬಂದರೂ ತೊಂದರೆ ಮುಗಿಯುವುದಿಲ್ಲ. 12 ಗಂಟೆಯ ಜಾಗದಿಂದ ಗಡಿಯಾರದ ದಿಕ್ಕಿನಲ್ಲಿ ದೊಡ್ಡದು ಮೊದಲು ಎಂದು ಜೋಡಿಸುತ್ತ ಹೋದರೆ ಕನ್ನಡ, ಉರ್ದು, ಇತರೆ ಮೂರೂ ಹತ್ತೂವರೆಯಿಂದ ಹನ್ನೆರಡರ ನಡುವೆ, ವೃತ್ತದ ನೆತ್ತಿಯ ಮೇಲೆ ಬಂದು ಕೂರುತ್ತವೆ. ನೆತ್ತಿಯಲ್ಲಿ ಲೇಬಲ್‌ಗಳು ಅಕ್ಕಪಕ್ಕ ನಿಲ್ಲಬೇಕು. ‘ಕನ್ನಡ 4.65%’ಗೆ ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ಅಗಲ ಬೇಕು, ಇರುವುದು 1.17. ಪಕ್ಕದ ಉರ್ದುವಿನ ಮೇಲೆ ಹತ್ತಿ ಕೂರುತ್ತದೆ. ಅವೇ ಹೋಳುಗಳನ್ನು 9 ಗಂಟೆಯ ಬದಿಗೆ ತಿರುಗಿಸಿದರೆ ಲೇಬಲ್‌ಗಳು ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತವೆ, ಒಂದು ಸಾಲಿಗೆ ಅರ್ಧ ಸೆಂಟಿಮೀಟರ್ ಎತ್ತರ ಸಿಕ್ಕರೆ ಸಾಕು. ನಮ್ಮ ಅಂಕಿಗಳಿಗೆ ಲೆಕ್ಕ ಹಾಕಿದರೆ ಮೊದಲ ಹೋಳು 12ರಿಂದ ಗಡಿಯಾರದ ದಿಕ್ಕಿನಲ್ಲಿ 293 ಡಿಗ್ರಿ ತಿರುಗಿದ ಜಾಗದಲ್ಲಿ ಶುರುವಾಗಬೇಕು. ಆಗ ಮೂರು ಸಣ್ಣ ಹೋಳುಗಳೂ 9 ಗಂಟೆಯ ಆಚೀಚೆ ಸಮನಾಗಿ ಬೀಳುತ್ತವೆ.

‘ಯಾವಾಗಲೂ 12 ಗಂಟೆಯಿಂದಲೇ ಶುರು ಮಾಡಬೇಕು’ ಎಂಬ ಪಾಠ ಅನೇಕರಿಗೆ ಬಾಯಿಪಾಠವಾಗಿದೆ. ಹೆಸರು ಓದಲು ಆಗುವುದಿಲ್ಲ ಎಂದಾದರೆ ನಾನು ಆ ನಿಯಮ ಬಿಡುತ್ತೇನೆ.

ಈ ಅಂಕಿಗೆ ಪೈ ಒಪ್ಪುತ್ತದೆಯೇ?

1801ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ತುರ್ಕಿ ಸಾಮ್ರಾಜ್ಯದ ನೆಲ ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಿ ಹೇಗೆ ಹಂಚಿದೆ ಎಂದು ತೋರಿಸಲು ವೃತ್ತವನ್ನು ಹೋಳು ಮಾಡಿದ. ನಾವು ಈಗ ಪೈ ಚಾರ್ಟ್ ಎನ್ನುವುದಕ್ಕೆ ಅದೇ ಮೊದಲು. ಇದ್ದದ್ದು ಮೂರೇ ಹೋಳು. ಒಂದು ಇಡಿಯಲ್ಲಿ ದೊಡ್ಡ ಪಾಲು ಯಾವುದು ಎಂದು ಹೇಳಲು ಪೈ ಇವತ್ತಿಗೂ ಒಳ್ಳೆಯದು. ಗೋವಾದ ಮೂರರಲ್ಲಿ ಎರಡು ಪಾಲು ಕೊಂಕಣಿ ಎಂಬುದನ್ನು ಪೈ ಒಂದೇ ನೋಟಕ್ಕೆ ತಿಳಿಸುತ್ತದೆ. ಆದರೆ ಮರಾಠಿ ಹೆಚ್ಚೋ ಹಿಂದಿ ಹೆಚ್ಚೋ? ಎರಡರ ನಡುವಿನ ಅಂತರ 2.2 ಡಿಗ್ರಿ. ಕಣ್ಣು ಅದನ್ನು ಹಿಡಿಯುವುದಿಲ್ಲ. ಕೋನಕ್ಕಿಂತ ಒಂದೇ ತಳದಿಂದ ಎದ್ದ ಕಂಬಗಳ ಉದ್ದವನ್ನು ನಾವು ಹೆಚ್ಚು ಸರಿಯಾಗಿ ಅಂದಾಜು ಮಾಡುತ್ತೇವೆ ಎಂದು 1984ರಲ್ಲಿ ಕ್ಲೀವ್‌ಲ್ಯಾಂಡ್ ಮತ್ತು ಮೆಗಿಲ್ ಪ್ರಯೋಗ ಮಾಡಿ ತೋರಿಸಿದ್ದಾರೆ. ಸಣ್ಣ ಭಾಷೆಗಳನ್ನು ಒಂದಕ್ಕೊಂದು ಹೋಲಿಸುವುದೇ ನಿಮ್ಮ ಉದ್ದೇಶವಾಗಿದ್ದರೆ ಬಾರ್ ಚಾರ್ಟ್ ಹಾಕಿ. ಈ ಮಾರ್ಗದರ್ಶಿಯ ಉಳಿದ ಭಾಗ ನಿಮಗೆ ಬೇಕಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಜನಗಣತಿಯ ಮಾತೃಭಾಷೆ ಪ್ರಶ್ನೆಗೆ ಒಬ್ಬರಿಗೆ ಒಂದೇ ಉತ್ತರ, ಹಾಗಾಗಿ ಮೊತ್ತ 100. ಸಂಘದವರು ಮನೆಮನೆಗೆ ಹೋಗಿ ಮಾಡುವ ಸಮೀಕ್ಷೆಯಲ್ಲಿ ಪ್ರಶ್ನೆ ಸಾಮಾನ್ಯವಾಗಿ ಬೇರೆ: ‘ನಿಮಗೆ ಯಾವ ಯಾವ ಭಾಷೆ ಬರುತ್ತದೆ?’ ಗೋವಾದಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಮೂರು ನಾಲ್ಕು ಭಾಷೆ ಬರುವುದು ಮಾಮೂಲು. 40 ಜನರನ್ನು ಕೇಳಿದಿರಿ ಎನ್ನೋಣ. 40 ಮಂದಿಗೂ ಕನ್ನಡ ಬರುತ್ತದೆ, 34 ಮಂದಿಗೆ ಹಿಂದಿ, 26 ಮಂದಿಗೆ ಕೊಂಕಣಿ. ಈ ಮೂರು ಅಂಕಿ ಕೊಟ್ಟರೆ ಯಾವ ಸಾಫ್ಟ್‌ವೇರ್ ಆದರೂ ತಕರಾರಿಲ್ಲದೆ ಪೈ ಬಿಡಿಸಿ ‘ಕನ್ನಡ 40%’ ಎಂದು ಬರೆಯುತ್ತದೆ, ಯಾಕೆಂದರೆ ಮೂರರ ಮೊತ್ತ 100. ನೂರಕ್ಕೆ ನೂರು ಜನರಿಗೆ ಬರುವ ಭಾಷೆ ಚಾರ್ಟ್‌ನಲ್ಲಿ ಅರ್ಧಕ್ಕಿಂತ ಕಡಿಮೆಯಾಯಿತು. ಇದನ್ನು ತಡೆಯುವ ಸೌಲಭ್ಯ ಯಾವುದರಲ್ಲೂ ಇಲ್ಲ, ನಾವೇ ನೋಡಿಕೊಳ್ಳಬೇಕು. ಒಬ್ಬರು ಒಂದಕ್ಕಿಂತ ಹೆಚ್ಚು ಉತ್ತರ ಕೊಡಬಹುದಾದ ಪ್ರಶ್ನೆಗೆ ಪೈ ಬೇಡವೇ ಬೇಡ.

ಎಕ್ಸೆಲ್

ಹೆಚ್ಚಿನವರ ಕೈಗೆ ಮೊದಲು ಸಿಗುವುದು ಇದೇ. ಇದರ ಮೇಲೆ ನನಗೆ ಗೌರವವಿದೆ, ಯಾಕೆಂದರೆ ಲೇಬಲ್ಲನ್ನು ಮೌಸ್‌ನಲ್ಲಿ ಹಿಡಿದು ಬೇಕಾದಲ್ಲಿಗೆ ಎಳೆಯಬಹುದು. ಎಳೆದು ದೂರ ಇಟ್ಟೊಡನೆ ಹೋಳಿನಿಂದ ಲೇಬಲ್‌ವರೆಗೆ ಗೆರೆ ತಾನೇ ಬರುತ್ತದೆ. ಚಾರ್ಟ್ ಪಕ್ಕದ ಪ್ಲಸ್ ಗುರುತು ಒತ್ತಿ, ಡೇಟಾ ಲೇಬಲ್ಸ್‌ನಲ್ಲಿ ಮೋರ್ ಆಪ್ಷನ್ಸ್‌ಗೆ ಹೋಗಿ. ಕ್ಯಾಟಗರಿ ನೇಮ್ ಮತ್ತು ಪರ್ಸೆಂಟೇಜ್‌ಗೆ ಟಿಕ್ ಹಾಕಿ, ವ್ಯಾಲ್ಯೂ ತೆಗೆಯಿರಿ, ಜಾಗವನ್ನು ಔಟ್‌ಸೈಡ್ ಎಂಡ್ ಎಂದು ಇಡಿ. ಆಮೇಲೆ ಲೆಜೆಂಡ್, ಅಂದರೆ ಯಾವ ಬಣ್ಣ ಯಾವ ಭಾಷೆ ಎಂದು ಹೇಳುವ ಪಟ್ಟಿಯನ್ನು, ಅಳಿಸಿಬಿಡಿ. ಹೆಸರು ಹೋಳಿನ ಪಕ್ಕದಲ್ಲೇ ಇರುವಾಗ ಓದುವವರು ಬಣ್ಣದ ಚೌಕ ಹುಡುಕಿಕೊಂಡು ಹೋಗುವ ಕೆಲಸ ಯಾಕೆ? ಸಂಚಿಕೆ ಕಪ್ಪುಬಿಳುಪಿನಲ್ಲಿ ಝೆರಾಕ್ಸ್ ಆದರಂತೂ ಲೆಜೆಂಡ್‌ನಿಂದ ಏನೂ ತಿಳಿಯುವುದಿಲ್ಲ. ತಿರುಗಿಸಲು ಆಂಗಲ್ ಆಫ್ ಫಸ್ಟ್ ಸ್ಲೈಸ್ ಎಂಬಲ್ಲಿ ಮೇಲೆ ಹೇಳಿದ 293 ಹಾಕಿ.

ಎಕ್ಸೆಲ್ ತಾನಾಗಿ ಶೇಕಡಾವನ್ನು ದಶಮಾಂಶವಿಲ್ಲದೆ ಬರೆಯುತ್ತದೆ. ಆಗ ಕನ್ನಡದ 4.65, ಇತರೆಯ 5.24 ಎರಡೂ ‘5%’ ಆಗುತ್ತವೆ, 0.61ರಷ್ಟೇ ಅಂತರವಿರುವ ಮರಾಠಿ, ಹಿಂದಿ 11 ಮತ್ತು 10 ಎಂದು ಕಾಣುತ್ತವೆ. ಅದೇ ಕಿಟಕಿಯ ನಂಬರ್ ಭಾಗದಲ್ಲಿ ಒಂದು ದಶಮಾಂಶ ಕೇಳಿ. ದುಂಡು ಮಾಡಿದ ಅಂಕಿಗಳ ಮೊತ್ತ ಕೆಲವು ಸಲ 99.9 ಅಥವಾ 100.1 ಬರುತ್ತದೆ. ಅದನ್ನು ಸರಿ ಮಾಡಲು ಯಾವುದೋ ಹೋಳಿಗೆ 0.1 ಸೇರಿಸಬೇಡಿ, ಚಾರ್ಟ್ ಕೆಳಗೆ ಒಂದು ಸಾಲು ಬರೆದರೆ ಸಾಕು.

ಎಕ್ಸೆಲ್‌ನ ಎರಡು ಆಮಿಷಗಳಿಂದ ದೂರ ಇರಿ. ಒಂದು ತ್ರೀಡಿ ಪೈ. ವೃತ್ತ ಹಿಂದಕ್ಕೆ ವಾಲಿದಾಗ ನಮ್ಮ ಕಡೆಗಿರುವ ಹೋಳು ದೊಡ್ಡದಾಗಿ, ಹಿಂದಿನದು ಸಣ್ಣದಾಗಿ ಕಾಣುತ್ತದೆ. ಇನ್ನೊಂದು ಪೈ ಆಫ್ ಪೈ. ಸಣ್ಣ ಹೋಳುಗಳನ್ನು ಪಕ್ಕದ ಎರಡನೇ ವೃತ್ತಕ್ಕೆ ಸಾಗಿಸುವ ಈ ವಿಧಾನ ಕನ್ನಡಕ್ಕೆ ಅನುಕೂಲ ಎಂದು ತೋರಬಹುದು. ಲೆಕ್ಕ ಹಾಕಿ ನೋಡಿ: ಕನ್ನಡ, ಉರ್ದು, ಇತರೆ ಸೇರಿ ಶೇ 12.72. ಆ ಎರಡನೇ ವೃತ್ತದಲ್ಲಿ ಕನ್ನಡಕ್ಕೆ ಸಿಗುವುದು 131 ಡಿಗ್ರಿಗೂ ಹೆಚ್ಚು. ಮೊದಲ ವೃತ್ತದಲ್ಲಿ ಮರಾಠಿಗೆ ಇರುವುದು 39. ಚಿತ್ರ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಸುಳ್ಳು. ನಮ್ಮ ಹೋಳು ದೊಡ್ಡದಾಗಿ ಕಂಡಿತೆಂದು ಸಂತೋಷಪಡುವ ವಿಷಯ ಇದಲ್ಲ.

ಗೂಗಲ್ ಶೀಟ್ಸ್, ಲಿಬ್ರೆ ಆಫೀಸ್

ಗೂಗಲ್ ಶೀಟ್ಸ್ ನಾಲ್ಕಾರು ಜನ ಸೇರಿ ಮಾಡುವ ಕೆಲಸಕ್ಕೆ ಒಳ್ಳೆಯದು, ಖರ್ಚೂ ಇಲ್ಲ. ಆದರೆ ಹೋಳಿನೊಳಗೆ ಲೇಬಲ್ ಹಿಡಿಸದಿದ್ದರೆ ಅದನ್ನು ಬರೆಯದೇ ಬಿಡುತ್ತದೆ. ಕೊಂಕಣಿಗೆ ಅಂಕಿ ಇರುತ್ತದೆ, ಕನ್ನಡಕ್ಕೆ ಇರುವುದಿಲ್ಲ. ಲೆಜೆಂಡಿನ ಜಾಗ ಆರಿಸುವ ಪಟ್ಟಿಯಲ್ಲಿ ಪ್ರತಿ ಹೋಳಿನಿಂದ ಗೆರೆ ಎಳೆದು ಹೆಸರು, ಶೇಕಡಾ ಬರೆಯುವ ಆಯ್ಕೆಯಿದೆ. ಅದನ್ನೇ ಆರಿಸಿ. ಅಲ್ಲಿಗೆ ಮುಖ್ಯ ತೊಂದರೆ ನೀಗುತ್ತದೆ.

ಲಿಬ್ರೆ ಆಫೀಸ್ ಕ್ಯಾಲ್ಕ್ ಉಚಿತ, ಇಂಟರ್ನೆಟ್ ಬೇಡ. ಇದರ ಪೈ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಸಾಗುತ್ತದೆ. ಡೇಟಾ ಸೀರೀಸ್‌ನ ಆಪ್ಷನ್ಸ್‌ನಲ್ಲಿ ಕ್ಲಾಕ್‌ವೈಸ್ ಡೈರೆಕ್ಷನ್‌ಗೆ ಟಿಕ್ ಹಾಕಿದರೆ ಎಕ್ಸೆಲ್ ತರಹ ಬರುತ್ತದೆ. ಕನ್ನಡದವರಿಗೆ ಇದರಲ್ಲಿ ಬಹಳ ಸಲ ತಲೆ ತಿನ್ನುವ ಒಂದು ಸಂಗತಿಯಿದೆ: ಲೇಬಲ್ಲಿನ ಅಕ್ಷರದ ಗಾತ್ರ 14 ಎಂದು ಹಾಕಿದರೂ ಅಂಕಿ ಮಾತ್ರ ದೊಡ್ಡದಾಗುತ್ತದೆ, ಕನ್ನಡ ಅಕ್ಷರ ಇದ್ದ ಹಾಗೇ ಇರುತ್ತದೆ. ಇಂಗ್ಲಿಷಿಗೂ ಭಾರತೀಯ ಲಿಪಿಗಳಿಗೂ ಲಿಬ್ರೆ ಆಫೀಸ್ ಬೇರೆ ಬೇರೆ ಫಾಂಟ್, ಬೇರೆ ಬೇರೆ ಗಾತ್ರ ಇಟ್ಟುಕೊಳ್ಳುತ್ತದೆ. ಟೂಲ್ಸ್‌ನ ಭಾಷೆಯ ಸೆಟ್ಟಿಂಗ್‌ನಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಶುರು ಮಾಡಿದ ಮೇಲೆ ಅಕ್ಷರದ ಕಿಟಕಿಯಲ್ಲಿ ಎರಡನೇ ಭಾಗ ಕಾಣುತ್ತದೆ. ಕನ್ನಡದ ಗಾತ್ರ ಬದಲಿಸಬೇಕಾದದ್ದು ಅಲ್ಲಿ.

ಎಸ್‌ಪಿಎಸ್‌ಎಸ್, ಸ್ಟೇಟಾ, ಸ್ಯಾಸ್

ಈ ಮೂರೂ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ಗಳು. ಸಮಾಜಶಾಸ್ತ್ರ, ವಾಣಿಜ್ಯ ಓದುವ ನಮ್ಮ ಮಕ್ಕಳಿಗೆ ಕಾಲೇಜಿನ ಲ್ಯಾಬ್‌ನಲ್ಲಿ ಎದುರಾಗುವುದು ಹೆಚ್ಚಾಗಿ ಎಸ್‌ಪಿಎಸ್‌ಎಸ್. ಹಣ ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರ್. ಸಾವಿರ ಜನರ ಸಮೀಕ್ಷೆಯ ಕಚ್ಚಾ ಉತ್ತರಗಳು ಅದರಲ್ಲೇ ಇದ್ದರೆ ಪೈಯನ್ನೂ ಅಲ್ಲೇ ಮಾಡುವುದು ಸರಿ. ನಮ್ಮ ಹಾಗೆ ಆರು ಸಾಲಿನ ಸಿದ್ಧ ಅಂಕಿ ಇದ್ದಾಗ ಒಂದು ಬಲೆ ಇದೆ. ಎಸ್‌ಪಿಎಸ್‌ಎಸ್ ಪ್ರತಿ ಸಾಲನ್ನೂ ಒಬ್ಬ ಮನುಷ್ಯ ಎಂದುಕೊಳ್ಳುತ್ತದೆ. ಡೇಟಾ ಮೆನುವಿನ ವೇಯ್ಟ್ ಕೇಸಸ್‌ಗೆ ಹೋಗಿ ಜನಸಂಖ್ಯೆಯ ಕಾಲಂ ತೋರಿಸದಿದ್ದರೆ ಆರು ಭಾಷೆಗೂ ಸಮ ಹೋಳು, ಒಂದೊಂದಕ್ಕೆ ಶೇ 16.7! ಸ್ಟೇಟಾದಲ್ಲಿಯೂ ಇದೇ ಬಲೆ: ಗ್ರಾಫ್ ಪೈ ಆಜ್ಞೆಗೆ ಓವರ್ ಒಂದನ್ನೇ ಕೊಟ್ಟರೆ ಅದು ಸಾಲು ಎಣಿಸುತ್ತದೆ. ಆಜ್ಞೆಯಲ್ಲಿ ಜನಸಂಖ್ಯೆಯ ಕಾಲಂನ ಹೆಸರನ್ನೂ ಬರೆಯಬೇಕು.

ಎಸ್‌ಪಿಎಸ್‌ಎಸ್ ಪೈ ತಾನಾಗಿ ಲೇಬಲ್ ಹಾಕುವುದಿಲ್ಲ. ಚಾರ್ಟ್ ಮೇಲೆ ಎರಡು ಸಲ ಒತ್ತಿ ಎಡಿಟರ್ ತೆರೆದು, ಎಲಿಮೆಂಟ್ಸ್ ಮೆನುವಿನಲ್ಲಿ ಶೋ ಡೇಟಾ ಲೇಬಲ್ಸ್ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಪರ್ಸೆಂಟ್ ಮತ್ತು ಭಾಷೆಯ ಹೆಸರು ಎರಡನ್ನೂ ತೋರಿಸುವ ಪಟ್ಟಿಗೆ ಏರಿಸಬೇಕು. ಅದೇ ಪ್ರಾಪರ್ಟೀಸ್‌ನ ಕ್ಯಾಟಗರೀಸ್ ಭಾಗದಲ್ಲಿ ಸಣ್ಣ ಹೋಳುಗಳನ್ನು ಒಟ್ಟುಗೂಡಿಸುವ ಚೌಕ ಇದೆ, ಅದರ ಮುಂದೆ ಮೊದಲೇ 5 ಎಂದು ತುಂಬಿರುತ್ತದೆ. ಚಾರ್ಟ್ ಚೊಕ್ಕ ಕಾಣಲಿ ಎಂದು ಯಾರಾದರೂ ಅದಕ್ಕೆ ಟಿಕ್ ಹಾಕಿದರೆ ಶೇ 4.65 ಮತ್ತು ಶೇ 2.83 ಎರಡೂ ಮಾಯ. ಅಂಥದೊಂದು ಪ್ರಾಜೆಕ್ಟಿನ ಪ್ರತಿ ನೋಡಿ ವಾಸ್ಕೋದ ಬೈನಾದ ಹಿರಿಯರೊಬ್ಬರು ಕೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ: ‘ಅಲ್ರೀ ಸರ, ಎಲ್ಲಾರದೂ ಐತಿ, ನಮ್ಮ ಕನ್ನಡದ್ದ ಎಲ್ಲಿ ಹೋತ್ರೀ?’ ಚಾರ್ಟ್‌ನಲ್ಲಿ ನಮ್ಮದೇ ‘ಇತರೆ’ ಒಂದು ಕಡೆ, ಸಾಫ್ಟ್‌ವೇರ್ ಹುಟ್ಟಿಸಿದ ‘ಅದರ್’ ಇನ್ನೊಂದು ಕಡೆ, ಹೀಗೆ ಎರಡು ಇತರೆಗಳು ನಿಂತಿದ್ದವು. 68 ಸಾವಿರ ಜನ ಆ ಎರಡನೆಯದರ ಒಳಗಿದ್ದರು.

ಸ್ಯಾಸ್ ಈ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಹಳೆಯ ಜಿಚಾರ್ಟ್ ವಿಧಾನ ಶೇ 4ಕ್ಕಿಂತ ಕಡಿಮೆಯ ಹೋಳುಗಳನ್ನು ಕೇಳದೆಯೇ ‘ಅದರ್’ಗೆ ಸೇರಿಸುತ್ತದೆ. ಕನ್ನಡ 0.65ರಿಂದ ಬಚಾವಾಗುತ್ತದೆ. ಆದರೆ ‘ಇತರೆ’ಯನ್ನು ಬಿಡಿಸಿ ಒಂದೊಂದು ಭಾಷೆಯನ್ನೂ ಬೇರೆ ತೋರಿಸಬೇಕೆಂದರೆ ಅದರ್ ಆಯ್ಕೆಯನ್ನು 0 ಎಂದು ಬರೆಯಲೇಬೇಕು.

ಈ ಮೂರರಲ್ಲಿ ಲೇಬಲ್ ಕೆಲಸಕ್ಕೆ ನನಗೆ ಸ್ಟೇಟಾ ಹಿಡಿಸುತ್ತದೆ. ಪಿ-ಲೇಬಲ್ ಎಂಬ ಒಂದೇ ಆಯ್ಕೆಯಲ್ಲಿ ಎಲ್ಲ ಹೋಳಿಗೂ ಶೇಕಡಾ, ಹೆಸರು ಅಥವಾ ಮೊತ್ತ ಬರೆಸಬಹುದು. ಬೇಕಾದ ಹೋಳಿಗೆ ಮಾತ್ರವೂ ಬರೆಸಬಹುದು, ಎಷ್ಟು ದಶಮಾಂಶ ಎಂದೂ ಹೇಳಬಹುದು. 12 ಗಂಟೆಯಿಂದ ಗಡಿಯಾರದ ದಿಕ್ಕಿನಲ್ಲೇ ಬಿಡಿಸುತ್ತದೆ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಇದರಲ್ಲಿ ಬಂದದ್ದು 2015ರ 14ನೇ ಆವೃತ್ತಿಯಲ್ಲಿ, ಅದಕ್ಕಿಂತ ಹಳೆಯದರಲ್ಲಿ ಕನ್ನಡ ಲೇಬಲ್‌ಗೆ ಕೈ ಹಾಕಬೇಡಿ. ಎಸ್‌ಪಿಎಸ್‌ಎಸ್ ಕೊಳ್ಳಲಾಗದವರಿಗೆ ಪಿಎಸ್‌ಪಿಪಿ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಫ್ರೀಕ್ವೆನ್ಸೀಸ್ ಆಜ್ಞೆಯೊಂದಿಗೆ ಪೈ ಕೊಡುತ್ತದೆ, ಲೇಬಲ್ ತಿದ್ದುವ ಅನುಕೂಲ ಕಡಿಮೆ.

ಆರ್

ಆರ್ ಎಂಬುದು ಕೋಡ್ ಬರೆದು ಬಳಸುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್. ಅದರ ಪೈ ಫಂಕ್ಷನ್ನಿನ ಸಹಾಯಪುಟವೇ ಪೈ ಚಾರ್ಟ್ ಮಾಹಿತಿ ತೋರಿಸುವ ಬಹಳ ಕೆಟ್ಟ ವಿಧಾನ ಎಂದು ಸಾರುತ್ತದೆ. ಆ ಕಾರಣಕ್ಕೋ ಏನೋ ಅದು ಕೊಡುವ ಸೌಲಭ್ಯವೂ ಅಷ್ಟಕ್ಕಷ್ಟೆ. ಶೇಕಡಾ ತಾನಾಗಿ ಬರೆಯುವುದಿಲ್ಲ. ನೀವೇ ಪ್ರತಿ ಅಂಕಿಯನ್ನೂ ಮೊತ್ತದಿಂದ ಭಾಗಿಸಿ, 100ರಿಂದ ಗುಣಿಸಿ, ರೌಂಡ್ ಮಾಡಿ, ಪೇಸ್ಟ್ ಫಂಕ್ಷನ್‌ನಿಂದ ಹೆಸರಿಗೆ ಅಂಟಿಸಿ, ಆ ಸಾಲನ್ನು ಲೇಬಲ್ಸ್‌ಗೆ ಕೊಡಬೇಕು. ಇದು ಕಷ್ಟ ಅನ್ನಿಸಿದರೂ ಒಂದು ದೊಡ್ಡ ಲಾಭವಿದೆ: ಲೇಬಲ್‌ನಲ್ಲಿ ಏನಿರಬೇಕು ಎಂಬುದು ಪೂರ್ತಿ ನಿಮ್ಮ ಕೈಯಲ್ಲಿ. ‘ಕನ್ನಡ, ಶೇ 4.65, ಸುಮಾರು 68 ಸಾವಿರ’ ಎಂದು ಎರಡು ಸಾಲಿನ ಲೇಬಲ್ ಕೂಡ ಬರೆಸಬಹುದು. ಹೆಸರುಗಳನ್ನು ಅದು ವೃತ್ತದ ಹೊರಗೇ ಸಣ್ಣ ಗೆರೆ ಎಳೆದು ಬರೆಯುತ್ತದೆ, ಆದರೆ ಒಂದರ ಮೇಲೊಂದು ಬಿದ್ದರೆ ಸರಿಸುವುದಿಲ್ಲ.

ಆರ್ ಶುರು ಮಾಡುವುದು 3 ಗಂಟೆಯ ಜಾಗದಿಂದ, ಸಾಗುವುದು ಗಡಿಯಾರದ ವಿರುದ್ಧ. ಕ್ಲಾಕ್‌ವೈಸ್ ಟ್ರೂ ಎಂದು ಕೊಟ್ಟರೆ 12ರಿಂದ ಗಡಿಯಾರದ ದಿಕ್ಕಿಗೆ ಬರುತ್ತದೆ. ತಿರುಗಿಸಲು ಕೊಡುವ ಕೋನವನ್ನು ಅದು 3 ಗಂಟೆಯಿಂದ ಗಡಿಯಾರದ ವಿರುದ್ಧ ಅಳೆಯುತ್ತದೆ, ಹಾಗಾಗಿ ಎಕ್ಸೆಲ್‌ನ 293 ಇಲ್ಲಿ 157 ಆಗುತ್ತದೆ. ಗಡಿಯಾರದ ದಿಕ್ಕಿನಲ್ಲಿ ಬಿಡಿಸುವಾಗ ಪೈಥಾನ್‌ನ ಚಾರ್ಟ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ, ಸ್ಟೇಟಾದಲ್ಲಿ ಕೂಡ ಇದೇ 157. ಬಣ್ಣವನ್ನು ನೀವೇ ಕೊಡಿ. ಆರ್ ತಾನಾಗಿ ಹಾಕುವ ಆರು ಬಣ್ಣಗಳು ಬಿಳಿ ಮತ್ತು ಐದು ತಿಳಿ ಬಣ್ಣಗಳು. ಕಪ್ಪುಬಿಳುಪಿನಲ್ಲಿ ಮುದ್ರಿಸಿದರೆ ಆರೂ ಹೋಳು ಬಿಳಿಯೇ.

ಆರ್‌ನ ಜಿಜಿಪ್ಲಾಟ್2 ಪ್ಯಾಕೇಜ್ ಬಳಸುವವರು ಗಮನಿಸಬೇಕಾದದ್ದು ಬೇರೆ. ಅದರಲ್ಲಿ ಪೈ ಎಂಬುದೇ ಇಲ್ಲ. ಒಂದೇ ಕಂಬವನ್ನು ಭಾಷೆವಾರು ಪೇರಿಸಿ, ಕೋಆರ್ಡ್ ಪೋಲಾರ್‌ನಿಂದ ಸುತ್ತಿಸಿದಾಗ ಪೈ ಆಗುತ್ತದೆ. ಪೇರಿಸುವಾಗ ಮೊದಲ ಭಾಷೆ ಮೇಲೆ, ಕೊನೆಯದು ಕೆಳಗೆ. ಹಾಗಾಗಿ ವೃತ್ತದಲ್ಲಿ ಕ್ರಮ ತಿರುವುಮುರುವಾಗಿ ‘ಇತರೆ’ ಮೊದಲು ಬರುತ್ತದೆ. ಲೇಬಲ್ ಎಲ್ಲಿರಬೇಕೆಂದು ಕೈಯಲ್ಲೇ ಕೂಡಿಸುತ್ತ ಲೆಕ್ಕ ಹಾಕಿದವರ ಚಾರ್ಟ್‌ನಲ್ಲಿ ಲೇಬಲ್‌ಗಳು ಬೇರೆಯವರ ಹೋಳಿನ ಮೇಲೆ ಕೂತುಬಿಡುತ್ತವೆ: ಕೊಂಕಣಿಯ ದೊಡ್ಡ ಹೋಳಿನ ಮೇಲೆ ‘ಕನ್ನಡ’ ಎಂದು. ಇದು ಲೇಬಲ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ನೋಡಿದವರು ನಂಬಿಬಿಡುತ್ತಾರೆ. ಲೆಕ್ಕ ಹಾಕುವ ಗೋಜಿಗೇ ಹೋಗಬೇಡಿ. ಕಂಬಕ್ಕೂ ಅಕ್ಷರಕ್ಕೂ ಪೊಸಿಷನ್ ಸ್ಟಾಕ್ ಕೊಟ್ಟು, ಎರಡರಲ್ಲೂ ರಿವರ್ಸ್ ಟ್ರೂ ಎಂದು ಬರೆದು, ಅಕ್ಷರಕ್ಕೆ ವಿಜಸ್ಟ್ 0.5 ಇಟ್ಟರೆ ಲೇಬಲ್ ತನ್ನ ಹೋಳಿನ ನಡುವೆಯೇ ಬರುತ್ತದೆ. ಸಣ್ಣ ಹೋಳುಗಳ ಲೇಬಲ್ ಒಂದಕ್ಕೊಂದು ತಾಗದಂತೆ ಸರಿಸಲು ಜಿಜಿರೆಪೆಲ್ ಎಂಬ ಪ್ಯಾಕೇಜ್ ಇದೆ.

ಪೈಥಾನ್

ಮ್ಯಾಟ್‌ಪ್ಲಾಟ್‌ಲಿಬ್‌ನ ಪೈ ಶೇಕಡಾವನ್ನು ತಾನೇ ಲೆಕ್ಕ ಹಾಕಿ ಬರೆಯುತ್ತದೆ, ಆಟೋಪಿಸಿಟಿ ಎಂಬಲ್ಲಿ ಎಷ್ಟು ದಶಮಾಂಶ ಎಂದು ಹೇಳಿದರಾಯಿತು. ಹೆಸರು ಅಂಚಿನ ಹೊರಗೆ, ಶೇಕಡಾ ತ್ರಿಜ್ಯದ 0.6ರಲ್ಲಿ, ಅಂದರೆ ನಾವು ಮೊದಲೇ ಅಳೆದ ಆ 7 ಮಿಲಿಮೀಟರ್ ಜಾಗದಲ್ಲಿ. ಪಿಸಿಟಿಡಿಸ್ಟೆನ್ಸ್ ಬೆಲೆಯನ್ನು 0.85ಕ್ಕೆ ಏರಿಸಿದರೆ ಕನ್ನಡದ ಹೋಳಿಗೆ ಸುಮಾರು 1 ಸೆಂಟಿಮೀಟರ್ ಸಿಗುತ್ತದೆ, ‘4.7%’ ಕೂರುತ್ತದೆ. ಉರ್ದುವಿಗೆ ಆಗಲೂ ಸಾಲದು. ಹೆಸರು, ಶೇಕಡಾ ಎರಡನ್ನೂ ಸೇರಿಸಿ ಹೊರಗೇ ಬರೆಸುವುದು ಮೇಲು.

ಪೈಥಾನ್‌ನ ಇನ್ನೊಂದು ಲೈಬ್ರರಿ ಪ್ಲಾಟ್ಲಿ ಬ್ರೌಸರ್‌ನಲ್ಲಿ ಚಾರ್ಟ್ ತೋರಿಸುವುದರಿಂದ ವೆಬ್‌ಪುಟಕ್ಕೆ ಬಹಳ ಒಳ್ಳೆಯದು, ಹೋಳಿನ ಮೇಲೆ ಮೌಸ್ ಇಟ್ಟರೆ ವಿವರ ಕಾಣುತ್ತದೆ. ಅದು ಹೋಳುಗಳನ್ನು ತಾನೇ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸುತ್ತದೆ. ಹಾಗಾಗಿ 5.24ರ ‘ಇತರೆ’ 4.65ರ ಕನ್ನಡಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಇತರೆ ಎಂಬುದು ಕೊನೆಯಲ್ಲಿರಬೇಕು, ಅದು ಒಂದು ಭಾಷೆಯಲ್ಲ. ಸಾರ್ಟ್ ಫಾಲ್ಸ್ ಎಂದು ಕೊಡಿ.

ಕನ್ನಡ ಅಕ್ಷರ ಮುರಿಯುವುದು ಎಲ್ಲಿ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಭಾಗ ಇರುವುದೇ ಇಲ್ಲ, ನಮಗೆ ಮಾತ್ರ ಇದೇ ಮುಖ್ಯ. ಕನ್ನಡ ಅಕ್ಷರ ಮೂಡಲು ಎರಡು ಬೇಕು: ಕನ್ನಡ ಇರುವ ಫಾಂಟ್, ಮತ್ತು ಆ ಫಾಂಟಿನ ತುಂಡುಗಳನ್ನು ಸರಿಯಾಗಿ ಜೋಡಿಸುವ ಎಂಜಿನ್. ಫಾಂಟ್ ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ. ಮ್ಯಾಟ್‌ಪ್ಲಾಟ್‌ಲಿಬ್ ತನ್ನೊಂದಿಗೆ ತರುವ ಡೇಜಾವು ಫಾಂಟ್‌ನಲ್ಲಿ ಕನ್ನಡವಿಲ್ಲ. ನೋಟೋ ಸಾನ್ಸ್ ಕನ್ನಡ ಉಚಿತ, ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಮೊದಲೇ ಇರುತ್ತದೆ.

ಫಾಂಟ್ ಕೊಟ್ಟ ಮೇಲೂ ಜೋಡಿಸುವ ಎಂಜಿನ್ ಇಲ್ಲದಿದ್ದರೆ ಚೌಕ ಹೋಗಿ ಮುರಿದ ಅಕ್ಷರ ಬರುತ್ತದೆ. ನಮ್ಮ ಆರು ಹೆಸರುಗಳಲ್ಲೇ ನೋಡಿ: ‘ಕನ್ನಡ’ದ ಒತ್ತು ಕೆಳಗಿಳಿಯದೆ ‘ಕನ್‌ನಡ’ ಆಗುತ್ತದೆ, ‘ಉರ್ದು’ವಿನ ಅರ್ಕಾವತ್ತು ತನ್ನ ಜಾಗಕ್ಕೆ ಹೋಗುವುದಿಲ್ಲ, ‘ಹಿಂದಿ’ಯ ಗುಡಿಸು ‘ಹ’ದ ಜೊತೆ ಬೆರೆಯದೆ ಪಕ್ಕದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಮಾಮೂಲಿ ‘ಆಗ್’ ಬ್ಯಾಕೆಂಡ್‌ನಲ್ಲಿ (ಚಿತ್ರ ಮೂಡಿಸುವ ಭಾಗದಲ್ಲಿ) ಬಹುಕಾಲದಿಂದ ಇರುವ ತೊಂದರೆ ಇದು. ದಾರಿ ಎರಡಿವೆ: ಎಂಪಿಎಲ್‌ಕೈರೋ ಬ್ಯಾಕೆಂಡ್ ಹಾಕಿಕೊಳ್ಳುವುದು, ಇಲ್ಲವೇ ಎಸ್‌ವಿಜಿ (ಪಿಕ್ಸೆಲ್ ಬದಲು ಗೆರೆಗಳಾಗಿ ಉಳಿಯುವ ಚಿತ್ರ) ಕಡತವಾಗಿ ಉಳಿಸುವಾಗ ಫಾಂಟ್‌ಟೈಪ್ ‘ನನ್’ ಎಂದು ಕೊಡುವುದು. ಆಗ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ, ಇಂಕ್‌ಸ್ಕೇಪ್‌ನಲ್ಲೋ ಬ್ರೌಸರ್‌ನಲ್ಲೋ ತೆರೆದಾಗ ಸರಿಯಾಗಿ ಜೋಡಣೆಯಾಗುತ್ತದೆ.

ಆರ್‌ನಲ್ಲಿ ಕನ್ನಡ ಬರುವುದು ಬಿಡುವುದು ನೀವು ಕಡತ ಉಳಿಸುವ ವಿಧಾನದ ಮೇಲಿದೆ. ಮಾಮೂಲಿ ಪಿಡಿಎಫ್ ಫಂಕ್ಷನ್ ಕನ್ನಡ ಬರೆಯುವುದಿಲ್ಲ, ಕೈರೋ ಪಿಡಿಎಫ್ ಬರೆಯುತ್ತದೆ. ಚಿತ್ರಕ್ಕೆ ರ‍್ಯಾಗ್ ಪ್ಯಾಕೇಜಿನ ಪಿಎನ್‌ಜಿ ಚೆನ್ನಾಗಿ ಜೋಡಿಸುತ್ತದೆ. ಶೋಟೆಕ್ಸ್ಟ್ ಪ್ಯಾಕೇಜ್ ಬಳಸಿ ಎಂಬ ಸಲಹೆ ಕೇಳಿರಬಹುದು. ಅದು ಫಾಂಟ್ ತರುತ್ತದೆ, ಒತ್ತಕ್ಷರ ಜೋಡಿಸುವುದಿಲ್ಲ. ಎಕ್ಸೆಲ್, ಶೀಟ್ಸ್, ಲಿಬ್ರೆ ಆಫೀಸ್, ಪ್ಲಾಟ್ಲಿ ನಾಲ್ಕರಲ್ಲೂ ಈ ತಾಪತ್ರಯವಿಲ್ಲ.

ಸಂಘದ ಹಳೆಯ ಕಡತಗಳಲ್ಲಿ ಮತ್ತೊಂದು ತೊಡಕು. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಪರದೆಯಲ್ಲಿ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಅದನ್ನು ಹಾಗೇ ಆರ್‌ಗೋ ಸ್ಟೇಟಾಕ್ಕೋ ಕೊಟ್ಟರೆ ಲೇಬಲ್‌ನಲ್ಲಿ ಗೋಜಲು ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಯಾರಿಗೆ ಯಾವುದು

ಸ್ಮರಣ ಸಂಚಿಕೆಗೆ ಒಂದೆರಡು ಚಾರ್ಟ್ ಸಾಕು ಎನ್ನುವವರಿಗೆ ಎಕ್ಸೆಲ್. ಅದಿಲ್ಲದಿದ್ದರೆ ಲಿಬ್ರೆ ಆಫೀಸ್. ಇದಕ್ಕಾಗಿ ಆರ್ ಕಲಿಯಬೇಕಿಲ್ಲ. ಸಮೀಕ್ಷೆಯ ಕಚ್ಚಾ ಉತ್ತರಗಳಿರುವ ವಿದ್ಯಾರ್ಥಿ ತನ್ನ ಕಾಲೇಜಿನಲ್ಲಿ ಇರುವುದನ್ನೇ ಬಳಸಲಿ, ಎಸ್‌ಪಿಎಸ್‌ಎಸ್ ಆದರೂ ಸರಿ, ಸ್ಟೇಟಾ ಆದರೂ ಸರಿ. ಶೇಕಡಾ ಪಟ್ಟಿಯನ್ನು ಅಲ್ಲಿ ತೆಗೆದು, ಕನ್ನಡ ಲೇಬಲ್ ಬೇಕಾದ ಚಾರ್ಟನ್ನು ಮಾತ್ರ ಎಕ್ಸೆಲ್‌ನಲ್ಲಿ ಬಿಡಿಸಿದರೂ ತಪ್ಪೇನಿಲ್ಲ. ಆರ್ ಬೇಕಾಗುವುದು ಒಂದೇ ತರಹದ ಚಾರ್ಟ್ ಮತ್ತೆ ಮತ್ತೆ ಬಿಡಿಸಬೇಕಾದಾಗ: ಉತ್ತರ ಗೋವಾ, ದಕ್ಷಿಣ ಗೋವಾ ಎರಡಕ್ಕೂ, ಪ್ರತಿ ತಾಲ್ಲೂಕಿಗೂ, ಮುಂದಿನ ಜನಗಣತಿಯ ಅಂಕಿ ಬಂದಾಗ ಇನ್ನೊಮ್ಮೆ. ಒಂದು ಸಲ ಲೇಬಲ್ ಸರಿಮಾಡಿದ ಕೋಡ್ ಎಲ್ಲದಕ್ಕೂ ದುಡಿಯುತ್ತದೆ. ಪೈಥಾನ್ ಈಗಾಗಲೇ ಬರುವವರು ಅದರಲ್ಲೇ ಮಾಡಲಿ, ಕನ್ನಡ ಮುದ್ರಣಕ್ಕೆ ಎಸ್‌ವಿಜಿ ದಾರಿ ಹಿಡಿಯಲಿ.

ಪ್ರೆಸ್‌ಗೆ ಕಳಿಸುವಾಗ

ಪರದೆಯ ಸ್ಕ್ರೀನ್‌ಶಾಟ್ ಕಳಿಸಬೇಡಿ. ಲೇಬಲ್ ಸಮೇತ 12 ಸೆಂಟಿಮೀಟರ್ ಅಗಲದ ಚಾರ್ಟ್ ಇಂಚಿಗೆ 300 ಚುಕ್ಕೆಯ ಮುದ್ರಣಕ್ಕೆ ಹೋಗಬೇಕಾದರೆ ಚಿತ್ರ ಕನಿಷ್ಠ 1417 ಪಿಕ್ಸೆಲ್ ಅಗಲ ಇರಬೇಕು. ಆರ್‌ನ ಪಿಎನ್‌ಜಿ ತಾನಾಗಿ ಕೊಡುವುದು 480 ಪಿಕ್ಸೆಲ್, ಅದು 4 ಸೆಂಟಿಮೀಟರ್‌ಗಷ್ಟೇ ಸಾಕು. ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಕೊಟ್ಟು ರೆಸ್ 300 ಎಂದು ಬರೆಯಿರಿ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಉಳಿಸುವಾಗ ಡಿಪಿಐ 300 ಎನ್ನಿ. ಎಕ್ಸೆಲ್‌ನದನ್ನು ಪಿಡಿಎಫ್ ಮಾಡಿದರೆ ಗೆರೆ, ಅಕ್ಷರ ಎರಡೂ ಚೂಪಾಗಿ ಉಳಿಯುತ್ತವೆ. ಡಿಟಿಪಿಯವರು ಪೇಜ್‌ಮೇಕರ್ ಬಳಸುವವರಾಗಿದ್ದರೆ ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಲೇಬಲ್ ಅಲ್ಲೇ ಟೈಪ್ ಮಾಡಿಸದೆ ಚಾರ್ಟನ್ನು ಚಿತ್ರವಾಗಿಯೇ ಕೂರಿಸಲು ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವಾದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಮಸುಕಾಗುವುದು ಸಣ್ಣ ಅಕ್ಷರದ ಲೇಬಲ್‌ಗಳೇ ಮೊದಲು.